ಟರ್ಬೋ ಹೆಸರು ಆಮೇಲೆ ಕೇಳಿ, ಮೊದಲು ಕಿಟ್‌ನ ಪೂರ್ತಿ ಪಟ್ಟಿ ನೋಡಿ

ಸ್ಪೋರ್ಟ್ಸ್ ಕಾರಿಗೆ ಟರ್ಬೋ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಹಾಕಿಸಬೇಕು ಅಂತ ಬರುವವರು ಕೇಳುವ ಮೊದಲ ಪ್ರಶ್ನೆ ಒಂದೇ. "ಯಾವ ಕಂಪನಿ ಟರ್ಬೋ ಒಳ್ಳೇದು ಸರ್?" ಅದಕ್ಕೆ ಉತ್ತರ ಕೊಡುವ ಮುಂಚೆ ನಾನು ಕಿಟ್‌ನ ಪೂರ್ತಿ ಪಟ್ಟಿ ಕೇಳುತ್ತೇನೆ. ಡಬ್ಬದಲ್ಲಿ ಇನ್ನೇನೇನಿದೆ? ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇದೆಯಾ? ಅದಕ್ಕೆ ಪೆಟ್ರೋಲ್ ಕಳಿಸುವ ಪಂಪ್ ಇದೆಯಾ? ಆಯಿಲ್ ವಾಪಸ್ ಹೋಗುವ ಪೈಪ್ ಎಷ್ಟು ದಪ್ಪ ಇದೆ? ನನ್ನ ಕೈಗೆ ಬಂದ ಕಾರುಗಳಲ್ಲಿ ಟರ್ಬೋ ತಾನಾಗಿಯೇ ಕೆಟ್ಟದ್ದು ತೀರಾ ಕಡಿಮೆ. ಅದರ ಸುತ್ತ ಇರುವ ಸಣ್ಣಪುಟ್ಟ ಸಾಮಾನೇ ಅದನ್ನು ಕೆಡಿಸಿರುತ್ತದೆ, ಕೆಲವೊಮ್ಮೆ ಎಂಜಿನ್ನನ್ನೂ.

ಒಂದು ಕಾರು ನೆನಪಾಗುತ್ತದೆ. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಸಾಕು, ಸೈಲೆನ್ಸರ್‌ನಿಂದ ನೀಲಿ ಹೊಗೆ. ಬೇರೆ ಕಡೆ ಆಗಲೇ ಒಂದು ಸಲ ಟರ್ಬೋ ಬದಲಾಯಿಸಿದ್ದರು. ಹೊಸದಕ್ಕೂ ಅದೇ ಹೊಗೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಟಾರ್ಚ್ ಬಿಟ್ಟು ನೋಡಿದೆ. ಟರ್ಬೋದಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಹೋಗುವ ರಬ್ಬರ್ ಪೈಪ್ ನಾಲ್ಕು ಬೆರಳು ಉದ್ದ ಜಾಸ್ತಿ ಇತ್ತು. ನಡುವೆ ಜೋತುಬಿದ್ದು ಮತ್ತೆ ಮೇಲಕ್ಕೆ ಏರಿ ಸಂಪ್ ಸೇರಿತ್ತು. ಅಷ್ಟೇ ತಪ್ಪು.

ಟರ್ಬೋಗೆ ಆಯಿಲ್ ಒತ್ತಡದಿಂದ ಬರುತ್ತದೆ, ಆದರೆ ವಾಪಸ್ ಹೋಗುವಾಗ ಒತ್ತಡ ಇರುವುದಿಲ್ಲ. ನಿಮಿಷಕ್ಕೆ 1 ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ಶಾಫ್ಟ್ ಅದನ್ನು ಕಡೆದು ನೊರೆ ಮಾಡಿರುತ್ತದೆ. ಆ ನೊರೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯಬೇಕು. ಪೈಪ್ ಸಣ್ಣದಾದರೆ, ಜೋತುಬಿದ್ದರೆ, ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಕೆಳಗೆ ಸೇರಿದರೆ, ಅದು ಅಲ್ಲೇ ನಿಂತು ಸೀಲ್ ದಾಟಿ ಹೊರಗೆ ಬರುತ್ತದೆ. ಪೈಪ್ ಕತ್ತರಿಸಿದೆ, ಟರ್ಬೋದ ನಡುಭಾಗ ಸಡಿಲ ಮಾಡಿ ಆಯಿಲ್ ಬಾಯಿ ನೆಟ್ಟಗೆ ಕೆಳಕ್ಕೆ ಬರುವ ಹಾಗೆ ತಿರುಗಿಸಿದೆ. ಹೊಗೆ ನಿಂತಿತು. ಅದಕ್ಕೇ ಹೇಳುವುದು, ಕಿಟ್ ಫೋಟೋ ನೋಡುವಾಗ ಹೊಳೆಯುವ ಪೈಪುಗಳನ್ನು ಬಿಡಿ. ಈ ಒಂದು ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದನ್ನು ನೋಡಿ.

ಇನ್ನು ಪೆಟ್ರೋಲ್ ಲೆಕ್ಕ. ಇದನ್ನು ನೀವೇ ಹಾಕಿ ನೋಡಬಹುದು. ಬೂಸ್ಟ್ (ಟರ್ಬೋ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ) ಇರುವ ಎಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಬೇಕು. 300 ಎಚ್‌ಪಿ ಅಂದರೆ 180 ಪೌಂಡ್. ನಾಲ್ಕು ಸಿಲಿಂಡರ್‌ಗೆ ಹಂಚಿದರೆ ತಲಾ 45. ಇಂಜೆಕ್ಟರ್ ಪೂರ್ತಿ ಹೊತ್ತು ತೆರೆದೇ ಇರಬಾರದು, ನೂರಕ್ಕೆ 80 ಭಾಗ ಕೆಲಸ ಮಾಡಿದರೆ ಸಾಕು. ಹಾಗಾಗಿ 45ನ್ನು 0.8ರಿಂದ ಭಾಗಿಸಿ. 56 ಚಿಲ್ಲರೆ ಬರುತ್ತದೆ. ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 590 ಸಿಸಿ. ಈಗ ಕಿಟ್ ಪಟ್ಟಿ ತೆಗೆಯಿರಿ. 300 ಎಚ್‌ಪಿ ಅಂತ ದೊಡ್ಡದಾಗಿ ಬರೆದು ಒಳಗೆ 440 ಸಿಸಿ ಇಂಜೆಕ್ಟರ್ ಇಟ್ಟಿದ್ದರೆ ಆ ಮಾತನ್ನು ನಂಬಬೇಡಿ. ಪಂಪ್ ವಿಷಯವೂ ಇಷ್ಟೇ. ಒತ್ತಡ ಏರಿದಷ್ಟೂ ಪಂಪ್ ಕೊಡುವ ಪೆಟ್ರೋಲ್ ಕಡಿಮೆಯಾಗುತ್ತದೆ. ಬೂಸ್ಟ್ 7 ಪಿಎಸ್‌ಐ ಇದ್ದರೆ ಇಂಜೆಕ್ಟರ್ ಹಿಂದಿನ ಒತ್ತಡವೂ ಅಷ್ಟು ಏರಬೇಕು. ಆ ಒತ್ತಡದಲ್ಲಿ ಪಂಪ್ ಎಷ್ಟು ಕೊಡುತ್ತದೆ ಅಂತ ಮಾರುವವರನ್ನು ಕೇಳಿ.

ಪೆಟ್ರೋಲ್ ಸಾಲದಿದ್ದರೆ ಏನಾಗುತ್ತದೆ ಅಂತ ಕೇಳುವವರಿಗೆ ತೋರಿಸಲು ನನ್ನ ಮೇಜಿನ ಮೇಲೆ ಒಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ. ಮೇಲಿನ ಎರಡು ರಿಂಗ್‌ಗಳ ನಡುವಿನ ಅಂಚು ಹೆಬ್ಬೆರಳ ಉಗುರಿನಷ್ಟು ಅಗಲ ಹಾರಿಹೋಗಿದೆ. ತಲೆಯ ಮೇಲೆ ಸಣ್ಣ ಸಣ್ಣ ಗುಳಿ, ಮರಳು ಎರಚಿದ ಹಾಗೆ. ಆ ಕಾರಿಗೆ ಇದ್ದದ್ದು ಸೂಪರ್‌ಚಾರ್ಜರ್, ಅಂದರೆ ಎಕ್ಸಾಸ್ಟ್ ಬದಲು ಎಂಜಿನ್ ಬೆಲ್ಟ್‌ನಿಂದ ತಿರುಗಿ ಗಾಳಿ ತುಂಬುವ ಯಂತ್ರ. ಕಿಟ್ ಚೆನ್ನಾಗೇ ಇತ್ತು, ಎರಡು ವರ್ಷ ಓಡಿತ್ತು. ಆಮೇಲೆ ಮಾಲೀಕರು ಬೂಸ್ಟ್ ಜಾಸ್ತಿಯಾಗಲಿ ಅಂತ ಒಂದು ಸಣ್ಣ ಪುಲ್ಲಿ ಹಾಕಿಸಿದರು. ಪುಲ್ಲಿ ಬಿಟ್ಟು ಬೇರೇನೂ ಬದಲಾಯಿಸಲಿಲ್ಲ. ಗಾಳಿ ಹೆಚ್ಚಿತು, ಅದಕ್ಕೆ ಪೆಟ್ರೋಲ್ ಸಾಲಲಿಲ್ಲ. ಇದು ನಾಕಿಂಗ್ ಕೆಲಸ. ಸ್ಪಾರ್ಕ್ ಹಚ್ಚಿದ ಬೆಂಕಿ ತಲುಪುವ ಮುಂಚೆಯೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಸಿಲಿಂಡರ್ ಗೋಡೆಗೆ ಸುತ್ತಿಗೆ ಏಟು ಬಿದ್ದ ಹಾಗೆ. ಸೈಲೆನ್ಸರ್ ಸದ್ದು ಜೋರಿದ್ದರೆ ಒಳಗೆ ಕೂತವರಿಗೆ ಅದು ಕೇಳುವುದೂ ಇಲ್ಲ.

ನಾಕಿಂಗ್‌ಗೆ ದೊಡ್ಡ ಕಾರಣ ಬಿಸಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿ ಗಾಳಿಯನ್ನು ಬರೀ 7 ಪಿಎಸ್‌ಐ ಒತ್ತಿದರೂ ಕಂಪ್ರೆಸರ್‌ನಿಂದ ಹೊರಬರುವಾಗ 80 ಡಿಗ್ರಿ ದಾಟಿರುತ್ತದೆ. ಹಾಗಾಗಿ ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಇಲ್ಲದ ಕಿಟ್ ಅಗ್ಗಕ್ಕೆ ಸಿಕ್ಕರೂ ನಾನು ಹಾಕುವುದಿಲ್ಲ.

ಎರಡನೇ ಕಾರಣ ನಿಮ್ಮ ಎಂಜಿನ್‌ನ ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರ್ ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಲೆಕ್ಕ. 1989ರ ಮೊದಲ ಮಜ್ದಾ ಎಂಎಕ್ಸ್-5ರ 1.6 ಎಂಜಿನ್‌ನಲ್ಲಿ ಅದು 9.4:1. ಅಲ್ಲಿ ಸ್ವಲ್ಪ ಬೂಸ್ಟ್‌ಗೆ ಜಾಗ ಇದೆ. 2012ರ ಟೊಯೊಟಾ 86ರಲ್ಲಿ 12.5:1. ಅಲ್ಲಿ ಪ್ರತಿ ಪಿಎಸ್‌ಐಗೂ ಯೋಚನೆ ಮಾಡಬೇಕು. ಇದು ಹೊಸ ತಲೆನೋವೂ ಅಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಅಂತ ಟರ್ಬೋ ಕಾರು ತಂದಿತು. ಕಂಪ್ರೆಷನ್ 10.25:1. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ಟ್ಯಾಂಕಿನಿಂದ ಚಿಮ್ಮಿಸುತ್ತಿದ್ದರು. ಆ ಟ್ಯಾಂಕ್ ತುಂಬಿಸುವುದನ್ನೇ ಜನ ಮರೆತರು. ದ್ರವ ಮುಗಿದರೆ ಬೂಸ್ಟ್ ಕಡಿಮೆ ಮಾಡುವ ವ್ಯವಸ್ಥೆ ಇತ್ತು, ಆದರೆ ಕಾರು ಓಡುತ್ತಿಲ್ಲ ಅಂತ ದೂರು ಬಂದವು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೋ ಬಿಚ್ಚಿ ಮಾಮೂಲಿ ಕಾರ್ಬುರೇಟರ್ ಹಾಕಿದರು. ಇವತ್ತಿಗೂ ನೀರು-ಮೆಥನಾಲ್ ಕಿಟ್ ಸಿಗುತ್ತವೆ. ದಿನಾ ಓಡಿಸುವ ಕಾರಿಗೆ, ಅದೊಂದನ್ನೇ ನಂಬಿ ಬೂಸ್ಟ್ ಏರಿಸಬೇಡಿ.

ಟರ್ಬೋನಾ, ಸೂಪರ್‌ಚಾರ್ಜರಾ? ಇದಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡನ್ನು ಬಗ್ಗಿಸುವುದು ಎಚ್‌ಪಿಗಿಂತ ಹೆಚ್ಚಾಗಿ ಟಾರ್ಕ್ (ತಿರುಗಿಸುವ ಬಲ), ಅದರಲ್ಲೂ ಕಡಿಮೆ ಆರ್‌ಪಿಎಂನಲ್ಲಿ ಒಮ್ಮೆಲೇ ಬರುವ ಟಾರ್ಕ್. ಸಣ್ಣ ಟರ್ಬೋ 3000 ಆರ್‌ಪಿಎಂಗೇ ಪೂರ್ತಿ ಬೂಸ್ಟ್ ಕೊಟ್ಟಾಗ ಓಡಿಸಲು ಮಜಾ, ರಾಡ್‌ಗೆ ಕಷ್ಟ. ಸೂಪರ್‌ಚಾರ್ಜರ್‌ಗಳಲ್ಲಿ ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಅನ್ನುವ ಬಗೆಯವು ಕಾಲಿಟ್ಟ ತಕ್ಷಣ ಎಳೆಯುತ್ತವೆ, ದೊಡ್ಡ ಎಂಜಿನ್‌ಗೆ ಚೆನ್ನಾಗಿ ಹೊಂದುತ್ತವೆ. ಸೆಂಟ್ರಿಫ್ಯೂಗಲ್ ಅನ್ನುವ ಬಗೆಯದಾದರೆ ಬೂಸ್ಟ್ ಆರ್‌ಪಿಎಂ ಜೊತೆ ನಿಧಾನಕ್ಕೆ ಏರುತ್ತದೆ. ಜಾಸ್ತಿ ಕಂಪ್ರೆಷನ್ನಿನ, ಮೇಲೆ ಮೇಲೆ ತಿರುಗುವ ಎಂಜಿನ್‌ಗೆ, ಒಳಗಿನ ಭಾಗ ಬದಲಿಸದೆ ಹಾಕುವ ಮೊದಲ ಕಿಟ್ ಅಂದರೆ ನಾನು ಇದನ್ನೇ ಹೇಳುತ್ತೇನೆ. ಎಕ್ಸಾಸ್ಟ್ ಬಿಸಿಯ ಕಾಟವೂ ಇಲ್ಲ. ಆದರೆ ಬೆಲ್ಟ್ ಜಾರದ ಹಾಗೆ ಬ್ರಾಕೆಟ್ ಗಟ್ಟಿ ಇರಬೇಕು. ತೆಳು ತಗಡಿನ ಬ್ರಾಕೆಟ್ ಇದ್ದರೆ ಬೇಡ. ಟರ್ಬೋನೇ ಬೇಕು ಅಂದರೆ ಬೇಡ ಅನ್ನುವುದಿಲ್ಲ, ಅರ್ಥ ಮಾಡಿಕೊಂಡು ಹಾಕಿಸಿ ಅಷ್ಟೇ.

ಕಿಟ್ ಜೊತೆ ಬರುವ ಮ್ಯಾಪ್ (ಎಷ್ಟು ಪೆಟ್ರೋಲ್, ಯಾವಾಗ ಸ್ಪಾರ್ಕ್ ಅಂತ ಎಂಜಿನ್ ಕಂಪ್ಯೂಟರ್‌ಗೆ ಹೇಳುವ ಪಟ್ಟಿ) ಬಗ್ಗೆ ಒಂದು ಎಚ್ಚರ. ಪೆಟ್ರೋಲ್ ನಾಕಿಂಗ್ ಎಷ್ಟು ತಡೆಯುತ್ತದೆ ಅಂತ ಹೇಳುವುದು ಆಕ್ಟೇನ್ ಅಂಕಿ, ಅಮೆರಿಕದ ಪಂಪ್‌ನಲ್ಲಿ ಬರೆಯುವುದು ಬೇರೆ ರೀತಿಯ ಲೆಕ್ಕ. ಅಲ್ಲಿನ 91 ಅಂದರೆ ನಮ್ಮಲ್ಲಿ ಬಳಸುವ ಆರ್‌ಒಎನ್ ಲೆಕ್ಕದಲ್ಲಿ ಸುಮಾರು 95–96, ಅಲ್ಲಿನ 93 ಅಂದರೆ ಸುಮಾರು 98. ಅಲ್ಲಿನ 93ಕ್ಕೆ ಮಾಡಿದ ಮ್ಯಾಪ್ ಹಾಕಿ 91 ಆರ್‌ಒಎನ್ ಪೆಟ್ರೋಲ್ ತುಂಬಿಸಿದರೆ ನನ್ನ ಮೇಜಿಗೆ ಇನ್ನೊಂದು ಪಿಸ್ಟನ್ ಬರುತ್ತದೆ. ನೀವು ದಿನಾ ತುಂಬಿಸುವ ಪೆಟ್ರೋಲ್‌ನಲ್ಲೇ ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನ್ ಮಾಡಿಸಿ. ಪೂರ್ತಿ ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ 11.5ರಿಂದ 12ರ ಆಸುಪಾಸು ಇದೆಯಾ ಅಂತ ಗ್ರಾಫ್ ಕೇಳಿ ತೆಗೆದುಕೊಳ್ಳಿ.

ಒಳ್ಳೆಯ ಕಂಪನಿ ಇದನ್ನೆಲ್ಲ ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಗ್ಯಾಸ್ಕೆಟ್ ಸಿಕ್ಕೀತಾ, ಬೆಲ್ಟ್‌ನ ಅಳತೆ ಏನು, ಐದು ವರ್ಷದ ಮೇಲೆ ಬಿಡಿಭಾಗ ಸಿಗುತ್ತಾ, ಇವಕ್ಕೂ ಉತ್ತರ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಹೊಗೆ ನಿಯಮದಡಿ ಪಾಸಾಗಿ ಇಒ ನಂಬರ್ (ಅಲ್ಲಿನ ಸರ್ಕಾರದ ಒಪ್ಪಿಗೆ ಸಂಖ್ಯೆ) ಪಡೆದ ಕಿಟ್ ಆದರೆ ಒಂದು ಭರವಸೆ ಇರುತ್ತದೆ, ಕನಿಷ್ಠ ಯಾರೋ ಹೊರಗಿನವರು ಅದನ್ನು ಪರೀಕ್ಷೆ ಮಾಡಿರುತ್ತಾರೆ. ಕ್ಲಚ್, ಬ್ರೇಕ್‌ಗೂ ದುಡ್ಡು ಎತ್ತಿಡಿ.

ದುಡ್ಡು ಕಟ್ಟುವ ಮುಂಚೆ ನಿಮ್ಮ ಎಂಜಿನ್‌ನ ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವುದು) ಮಾಡಿಸಿ. ಸಿಲಿಂಡರ್‌ಗಳ ನಡುವೆ ನೂರಕ್ಕೆ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಿಟ್ ಬೇಡ, ಮೊದಲು ಎಂಜಿನ್ ಕೆಲಸ. ಕೂಡಿಸಿದ ಮೇಲೆ ಮೊದಲ ಕೆಲವು ದಿನ ಎಂಜಿನ್ ಕಾದು ತಣ್ಣಗಾಗುವಾಗ ಮ್ಯಾನಿಫೋಲ್ಡ್ ಬೋಲ್ಟ್‌ಗಳು ಸಡಿಲವಾಗುತ್ತವೆ. ವಾರದ ಮೇಲೆ ಕಾರು ತನ್ನಿ, ಮತ್ತೆ ಬಿಗಿ ಮಾಡೋಣ, ಆಯಿಲ್ ಪೈಪ್‌ಗೂ ಒಮ್ಮೆ ಟಾರ್ಚ್ ಬಿಡೋಣ.