ಮೇಳ ಮುಗಿದ ಹನ್ನೆರಡನೇ ದಿನ

"ಮೇಡಂ, ಬಕೆಟ್ ಮುಚ್ಚಳ ತೆಗೆದ್ರೆ ಒಳಗೆಲ್ಲಾ ಹುಳ. ನಮ್ಮತ್ತೆ ಈಗ್ಲೇ ಹೊರಗೆ ಎಸೀಬೇಕು ಅಂತಿದಾರೆ. ಏನ್ಮಾಡ್ಲಿ?"

ಈ ಫೋನು ನನಗೆ ವರ್ಷಕ್ಕೆ ಹತ್ತಾರು ಸಲ ಬರುತ್ತದೆ. ಕೇಳುವವರು ಬೇರೆ, ಪ್ರಶ್ನೆ ಅದೇ. ಅತ್ತೆಯ ಜಾಗದಲ್ಲಿ ಕೆಲವು ಸಲ ಗಂಡ ಇರುತ್ತಾರೆ, ಕೆಲವು ಸಲ ಕೆಳಗಿನ ಮನೆಯ ಓನರ್. ನಾನು ಕ್ಯಾಲೆಂಡರ್ ನೋಡುತ್ತೇನೆ. ಅಡುಗೆಮನೆ ಕಸದಿಂದ ಬಕೆಟ್ಟಿನಲ್ಲಿ ಗೊಬ್ಬರ ಮಾಡುವುದನ್ನು ಅವರು ನೋಡಿ ಕಲಿತ ಬಡಾವಣೆಯ ಹಸಿರು ಮೇಳ ಮುಗಿದು ಹತ್ತು ದಿನ ಆಗಿರುತ್ತದೆ, ಹೆಚ್ಚೆಂದರೆ ಹನ್ನೆರಡು.

ಬಡಾವಣೆ, ಅಪಾರ್ಟ್‌ಮೆಂಟ್‌ಗಳಲ್ಲಿ ಹಸಿ ಕಸದಿಂದ ಗೊಬ್ಬರ ಮಾಡಿಸುವುದು, ಸಮಾರಂಭಗಳಲ್ಲಿ ಕಸ ಕಮ್ಮಿ ಮಾಡಿಸುವುದು ನನ್ನ ಕಸುಬು. 2012ರಲ್ಲಿ ಮಾವಳ್ಳಿಪುರದ ಜನ ನಿಮ್ಮ ಕಸ ಇನ್ನು ನಮ್ಮೂರಿಗೆ ಬೇಡ ಅಂತ ಪಟ್ಟು ಹಿಡಿದರಲ್ಲ, ಬೆಂಗಳೂರಿನ ಮೂಲೆಮೂಲೆಯಲ್ಲಿ ರಾಶಿ ಬಿದ್ದಿತ್ತಲ್ಲ, ಆಗ ನಮ್ಮ ಬೀದಿಯ ನಾಲ್ಕು ಮನೆಗೆ ಅಂತ ಶುರು ಮಾಡಿದ್ದು. ಅದೇ ಕಸುಬಾಗಿಹೋಯಿತು. ಅವತ್ತಿಂದ ಎಷ್ಟೋ ಪರಿಸರ ಮೇಳ, ಹಸಿರು ಸಂತೆ, ಕೆರೆ ಹಬ್ಬಗಳಲ್ಲಿ ಮೇಜು ಹಾಕಿಕೊಂಡು ಕೂತಿದ್ದೇನೆ. ಈಗ ಯಾವುದಾದರೂ ನಿವಾಸಿಗಳ ಸಂಘದವರು ಕರೆದರೆ ಮೊದಲು ಒಂದೇ ಮಾತು ಕೇಳುತ್ತೇನೆ: ಎರಡನೇ ಸಲ ಯಾವಾಗ ಸೇರುತ್ತೀರಿ? ತಾರೀಖು ಹೇಳದಿದ್ದರೆ ನಾನು ಹೋಗುವುದಿಲ್ಲ. ಸ್ವಲ್ಪ ಜಂಭ ಅನ್ನಿಸಬಹುದು. ಕಾರಣ ಇದೆ.

ನಮ್ಮ ಮೇಳಗಳು ಹೇಗಿರುತ್ತವೆ ನಿಮಗೂ ಗೊತ್ತು. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಶಾಮಿಯಾನ. ಬಿದಿರಿನ ಟೂತ್‌ಬ್ರಶ್, ಗಾಣದ ಎಣ್ಣೆ, ಸಿರಿಧಾನ್ಯದ ದೋಸೆ, ಬಟ್ಟೆ ಚೀಲ. ಜನ ಖುಷಿಯಾಗಿ ಸುತ್ತಾಡುತ್ತಾರೆ, ಒಂದು ಚೀಲ ಕೊಳ್ಳುತ್ತಾರೆ. ಅವರ ಮನೆಯ ಬಾಗಿಲ ಹಿಂದಿನ ಮೊಳೆಗೆ ಆಗಲೇ ಹನ್ನೊಂದು ಚೀಲ ನೇತಾಡುತ್ತಿರುತ್ತವೆ, ಅದರಲ್ಲಿ ಎಂಟು ಮದುವೆಮನೆಯ ತಾಂಬೂಲದವು. ಕೊಳ್ಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾರುವವರಿಗೂ ಹೊಟ್ಟೆಪಾಡು ಇದೆ. ಆದರೆ ಅದು ಸಂತೆ. ಮನೆಯೊಳಗಿನ ಒಂದು ಅಭ್ಯಾಸ ಬದಲಾಗಬೇಕು ಅಂತಿದ್ದರೆ ಸಂತೆ ಮುಗಿದ ಮೇಲೆ ಇನ್ನೊಂದು ದಿನ ಬೇಕು. ಆ ದಿನ ಯಾವತ್ತು ಅನ್ನುವುದನ್ನು ಬಕೆಟ್ಟೇ ಹೇಳುತ್ತದೆ.

ಬಕೆಟ್ಟಿನೊಳಗೆ ಏನಾಗುತ್ತದೆ ನೋಡೋಣ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕೆಜಿಯಿಂದ ಒಂದು ಕೆಜಿ ಹಸಿ ಕಸ ಬರುತ್ತದೆ. ಸೊಪ್ಪಿನ ದಂಟು, ಕಾಫಿ ಗಷ್ಟು, ಬಾಳೆಹಣ್ಣಿನ ಸಿಪ್ಪೆ, ಮಿಕ್ಕ ಅನ್ನ. ಇದರಲ್ಲಿ ಮುಕ್ಕಾಲು ಪಾಲು ನೀರೇ. ಜೊತೆಗೆ ಸಾರಜನಕ ಜಾಸ್ತಿ. ಇದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು. ಆ ಇಂಗಾಲ ಸಿಗುವುದು ಒಣ ಎಲೆಯಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ. ಲೆಕ್ಕ ಬೇಡ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಒಂದು ಬಟ್ಟಲು ಹಸಿ ಕಸಕ್ಕೆ ಒಂದು ಬಟ್ಟಲು ಒಣ ಎಲೆ, ಅನ್ನ ಸಾರು ಬಿದ್ದ ದಿನ ಒಂದೂವರೆ.

ಮೇಳದಲ್ಲಿ ಈ ಅಳತೆಯೇ ತಪ್ಪುತ್ತದೆ. ಮೇಜಿನ ಮುಂದೆ ಮೂವತ್ತು ಜನ ನಿಂತಿರುತ್ತಾರೆ, ಹಿಂದೆ ಮೈಕಿನಲ್ಲಿ ಯಾರೋ ಬಹುಮಾನ ಕೂಗುತ್ತಿರುತ್ತಾರೆ. ಹೇಳಿಕೊಡುವವರು ಒಂದು ಹಿಡಿ ನಾರಿನ ಪುಡಿಯನ್ನು ರಂಗೋಲಿ ಪುಡಿಯಂತೆ ಮೇಲೆ ಉದುರಿಸಿ "ಇಷ್ಟೇ, ಸುಲಭ ಅಲ್ವಾ?" ಅನ್ನುತ್ತಾರೆ. ಮೊದಮೊದಲು ನಾನೂ ಹಾಗೇ ಮಾಡಿದವಳು. ಜನ ಮನೆಗೆ ಹೋಗಿ ಅಷ್ಟೇ ಉದುರಿಸುತ್ತಾರೆ. ಮೊದಲ ವಾರ ಏನೂ ಆಗುವುದಿಲ್ಲ. ಎರಡನೇ ವಾರಕ್ಕೆ ತಳದಲ್ಲಿ ನೀರು ನಿಲ್ಲುತ್ತದೆ, ಗಾಳಿ ಆಡುವುದಿಲ್ಲ, ಕೊಳೆತ ಮೊಟ್ಟೆಯ ವಾಸನೆ ಶುರುವಾಗುತ್ತದೆ. ವಾಸನೆಗೆ ಕಣಜದಂತೆ ಕಾಣುವ ಒಂದು ಕಪ್ಪು ನೊಣ ಬಂದು ಮೊಟ್ಟೆ ಇಡುತ್ತದೆ. ಅದರ ಮರಿಗಳೇ ಅತ್ತೆ ಕಂಡ ಹುಳ.

ಆ ಹುಳ ಕಚ್ಚುವುದಿಲ್ಲ, ಕಾಯಿಲೆ ತರುವುದಿಲ್ಲ. ನಿಜ ಹೇಳಬೇಕೆಂದರೆ ಕಸವನ್ನು ನಮಗಿಂತ ಜೋರಾಗಿ ಮುಗಿಸುತ್ತದೆ. ಆದರೆ ಅಡುಗೆಮನೆ ಬಾಲ್ಕನಿಯಲ್ಲಿ ಅದು ಹರಿದಾಡುವುದನ್ನು ನೋಡಿದವರಿಗೆ ಈ ಮಾತು ಹೇಳಿ ನೋಡಿ! ಇದರ ಮದ್ದು ಎರಡು ನಿಮಿಷದ್ದು. ಎರಡು ಬೊಗಸೆ ಒಣ ಎಲೆ ಹಾಕಿ, ಕೋಲಿನಿಂದ ತಳದವರೆಗೆ ಕೆದಕಿ, ಮೇಲೆ ಇನ್ನೊಂದು ಪದರ ಒಣ ಎಲೆ ಮುಚ್ಚಿ. ಮೂರು ದಿನ ಅನ್ನ ಸಾರು ಹಾಕಬೇಡಿ. ಈ ಎರಡು ನಿಮಿಷದ ಮಾತು ಹನ್ನೆರಡನೇ ದಿನ ಸಿಕ್ಕಿದರೆ ಬಕೆಟ್ ಉಳಿಯುತ್ತದೆ. ಸಿಗದಿದ್ದರೆ ಹದಿಮೂರನೇ ದಿನ ಅದು ಬಟ್ಟೆ ನೆನೆಸುವ ಬಕೆಟ್ ಆಗುತ್ತದೆ.

ಅದಕ್ಕೇ ವಿಜಯನಗರದ ಒಂದು ಪಾರ್ಕಿನಲ್ಲಿ ನಾವು "ಬಕೆಟ್ ಭಾನುವಾರ" ಅಂತ ಶುರು ಮಾಡಿದೆವು. ಮೇಳವಾದ ಎರಡನೇ ಭಾನುವಾರ, ಶಾಮಿಯಾನ ಇಲ್ಲ, ಮೈಕ್ ಇಲ್ಲ. ನಿಮ್ಮ ನಿಮ್ಮ ಬಕೆಟ್ ಹೊತ್ತು ತನ್ನಿ, ಅಷ್ಟೇ. ಮೊದಲ ಸಲ ಒಂಬತ್ತು ಬಕೆಟ್ ಬಂದವು. ಹೊಂಗೆ ಮರದ ಕೆಳಗೆ ಸಾಲಾಗಿ ಇಟ್ಟೆವು. ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್ ಒಬ್ಬರು ತಮ್ಮದನ್ನು ಸ್ವಲ್ಪ ದೂರದಲ್ಲೇ ಇಟ್ಟು, ಅದು ತಮ್ಮದಲ್ಲವೇನೋ ಅನ್ನುವಂತೆ ನಿಂತಿದ್ದರು. ವಾಸನೆಗೆ ಎಲ್ಲರಿಗೂ ಗೊತ್ತಾಯಿತು. ನಾನು ಬಾಯಿ ತೆರೆಯುವ ಮುಂಚೆ ಎದುರು ಬೀದಿಯ ಹೆಂಗಸೊಬ್ಬರು ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದರು. ಒಂದು ಹಿಡಿ ತೆಗೆದು ಹಿಂಡಿದರು. ಬೆರಳ ಸಂದಿಯಿಂದ ನೀರು ಧಾರೆಯಾಗಿ ಸುರಿಯಿತು. "ನೋಡಿ ಸಾರ್, ಇದು ಗೊಬ್ಬರ ಅಲ್ಲ, ಹುಳಿ" ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ಆ ಹಿಂಡುವ ಪರೀಕ್ಷೆಗಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ. ಹಿಂಡಿದಾಗ ನೀರು ಸುರಿದರೆ ಒಣ ಎಲೆ ಸಾಲದು. ಒಂದೆರಡು ಹನಿ ಮೂಡಿ ನಿಂತರೆ ಸರಿ ಇದೆ. ಉದುರಿ ಹೋದರೆ ಸ್ವಲ್ಪ ನೀರು ಚಿಮುಕಿಸಿ, ಹುಳಿ ಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು. ಇದನ್ನು ನೂರು ಜನರ ಮುಂದೆ ವೇದಿಕೆಯಲ್ಲಿ ತೋರಿಸಲು ಆಗುವುದಿಲ್ಲ. ಒಂಬತ್ತು ಜನರ ಮಧ್ಯೆ ಕೂತು, ಅವರ ಕೈಯಲ್ಲೇ ಹಿಂಡಿಸಬೇಕು.

ಇನ್ನು ಊಟ ತಿಂಡಿಯ ವಿಷಯ. ಇಲ್ಲಿ ನನ್ನದೇ ಒಂದು ಅವಮಾನ ಇದೆ. "ಕಸವಿಲ್ಲದ ಮೇಳ" ಅಂತ ದೊಡ್ಡ ಬ್ಯಾನರ್ ಕಟ್ಟಿಸಿ (ಅದು ಫ್ಲೆಕ್ಸ್ ಅಲ್ಲ, ಬಟ್ಟೆಯದೇ), ಕಾಫಿಗೆ ಮಾತ್ರ ಪೇಪರ್ ಕಪ್ ತರಿಸಿದ್ದೆ. ಕಾಗದ ತಾನೇ, ಗೊಬ್ಬರಕ್ಕೆ ಹಾಕಿದರಾಯಿತು ಅಂದುಕೊಂಡೆ. ಮುನ್ನೂರು ಕಪ್ ಚೂರು ಮಾಡಿ ಡ್ರಮ್ಮಿಗೆ ಹಾಕಿದ್ದೂ ಆಯಿತು. ಎರಡು ತಿಂಗಳ ಮೇಲೆ ಕಾಗದ ಕರಗಿತ್ತು, ಕಪ್ಪಿನ ಒಳಮೈಗೆ ಅಂಟಿಸಿದ್ದ ಪ್ಲಾಸ್ಟಿಕ್ ಪದರ ಮಾತ್ರ ಈರುಳ್ಳಿ ಸಿಪ್ಪೆಯ ಹಾಗೆ ಗೊಬ್ಬರದ ತುಂಬ. ಆರಿಸಿ ಆರಿಸಿ ಸಾಕಾಯಿತು. "ಮಣ್ಣಲ್ಲಿ ಕರಗುತ್ತದೆ" ಅಂತ ಮಾರುವ ಜೋಳದ ಪಿಷ್ಟದ ಚಮಚ, ಲೋಟಗಳದ್ದೂ ಇದೇ ಕತೆ. ಅವು ಕರಗಲು ದೊಡ್ಡ ಘಟಕದ ಕಾವು ಬೇಕು, ನಮ್ಮ ಬಕೆಟ್ಟಿನಲ್ಲಿ ಅಷ್ಟು ಕಾವು ಹುಟ್ಟುವುದಿಲ್ಲ. ಅಡಿಕೆ ಹಾಳೆ ತಟ್ಟೆ ಕರಗುತ್ತದೆ, ಆದರೆ ನಿಧಾನ. ಹರಿದು ಹಾಕಬೇಕು. ಇನ್ನೂರು ತಟ್ಟೆ ಹರಿದ ಕೈಗಳನ್ನು ಕೇಳಿ.

ಸ್ಟೀಲ್ ತಟ್ಟೆಯೇ ಸರಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರ ತಟ್ಟೆ ಬ್ಯಾಂಕ್ ಇದೆ. ಸಮಾರಂಭಕ್ಕೆ ಸ್ಟೀಲ್ ತಟ್ಟೆ ಲೋಟ ಎರವಲು ತರಬಹುದು. ಈಗ ಕೆಲವು ಬಡಾವಣೆಗಳವರು ತಾವೇ ಒಂದು ಸೆಟ್ ಕೊಂಡಿಟ್ಟಿದ್ದಾರೆ. ಇನ್ನೂರು ಜನಕ್ಕೆ ಇನ್ನೂರು ತಟ್ಟೆ ಬೇಡ, ಎಂಬತ್ತು ಸಾಕು, ತೊಳೆದು ತಿರುಗಿಸುತ್ತಾ ಹೋದರೆ. ಮೂರು ಟಬ್ ಇಡಿ. ಮೊದಲು ಮಿಕ್ಕದ್ದನ್ನು ಕೆರೆದು ಹಸಿ ಕಸದ ಡಬ್ಬಕ್ಕೆ, ಆಮೇಲೆ ಅಂಟುವಾಳ ಕಾಯಿ ನೀರು, ಕೊನೆಗೆ ಎರಡು ಸಲ ಒಳ್ಳೆಯ ನೀರು. ತಿಂದವರೇ ತೊಳೆಯಲಿ. ಸಂಘದ ಅಧ್ಯಕ್ಷರು ಮೊದಲು ತೊಳೆದರೆ ಉಳಿದವರಿಗೆ ಹೇಳುವುದೇ ಬೇಡ. ಅಂದಹಾಗೆ, ನೂರು ಜನಕ್ಕಿಂತ ಜಾಸ್ತಿ ಸೇರುವ ಕಾರ್ಯಕ್ರಮವನ್ನು ಪಾರ್ಕು, ಬೀದಿಯಂಥ ಜಾಗದಲ್ಲಿ ಮಾಡುವಾಗ ಮೂರು ಕೆಲಸದ ದಿನ ಮುಂಚೆ ನಗರಪಾಲಿಕೆಗೆ ತಿಳಿಸಬೇಕು, ಕಸ ಬೇರ್ಪಡಿಸಿಯೇ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬರೆದಿತ್ತು. ಹುಟ್ಟುಹಬ್ಬಕ್ಕೆ ಪಾರ್ಕ್ ಕೇಳುವವರಿಗೆ ಇದು ಗೊತ್ತೇ ಇರುವುದಿಲ್ಲ.

ಹಾಗೆ ನೋಡಿದರೆ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಪರಿಸರದ ಪಾಠ ಯಾರೂ ಹೇಳಿಕೊಡಬೇಕಿರಲಿಲ್ಲ. ಸೇರಿನಲ್ಲಿ ಅಳೆದು ನೀವು ಒಡ್ಡಿದ ಚೀಲಕ್ಕೆ ಸುರಿಯುತ್ತಿದ್ದರು. ನಡುವೆ ಪ್ಲಾಸ್ಟಿಕ್ ಕವರ್ ಬಂತು. ಈಗ ಮತ್ತೆ ಕೈಚೀಲ ತನ್ನಿ ಅಂತ ಹೇಳಬೇಕಾಗಿದೆ.

ಮೇಳಕ್ಕೆ ಯಾರು ಬರುತ್ತಾರೆ ಅನ್ನುವುದು ಇನ್ನೊಂದು ವಿಷಯ. ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ ಅಂತ ಹೈಕೋರ್ಟ್ ಹೇಳಿದ್ದು 2015ರಲ್ಲಿ. ಅವತ್ತಿಂದ ನಾವು ಭಾಷಣ ಮಾಡುತ್ತಲೇ ಇದ್ದೇವೆ, ಮನೆ ಯಜಮಾನರಿಗೆ, ಭಾನುವಾರ ಹತ್ತು ಗಂಟೆಗೆ. ಅರ್ಧಕ್ಕರ್ಧ ಮನೆಗಳಲ್ಲಿ ಕಸ ಮುಟ್ಟುವವರೇ ಬೇರೆ. ಆ ಹೊತ್ತಿಗೆ ಅವರು ಮೂರನೇ ಮನೆಯ ಪಾತ್ರೆ ತೊಳೆಯುತ್ತಿರುತ್ತಾರೆ. ಒಂದು ಅಪಾರ್ಟ್‌ಮೆಂಟಿನಲ್ಲಿ ಸುಮ್ನೆ ನೋಡೋಣ ಅಂತ ಬುಧವಾರ ಮಧ್ಯಾಹ್ನ ಮೂರೂವರೆಗೆ, ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ, ಮನೆಗೆಲಸದವರಿಗೆ ಅಂತಲೇ ಚಾಪೆ ಹಾಸಿ ಕರೆದೆವು. ಕಾಫಿ, ಬಿಸ್ಕತ್ತು, ಆ ಒಂದು ಗಂಟೆಯ ಕೂಲಿ. ಹದಿನಾಲ್ಕು ಜನ ಬಂದರು. ನಾನು ಡಬ್ಬಗಳ ಬಣ್ಣ ಹೇಳುತ್ತಿದ್ದೆ. ಒಬ್ಬಾಕೆ ತಡೆದು ಕೇಳಿದಳು: "ಅಕ್ಕ, ಒಳಗೆ ಸಿಂಕ್ ಕೆಳಗೆ ಒಂದೇ ಡಬ್ಬ ಇಟ್ಟವ್ರೆ. ಅದರಲ್ಲೇ ಹಾಲಿನ ಕವರ್ರು, ಅದರಲ್ಲೇ ಅನ್ನ. ನಾನು ಹೊರಗೆ ಬಂದು ಎರಡು ಹೆಂಗೆ ಮಾಡ್ಲಿ?"

ಆ ಸಂಜೆ ನಾವು ಮನೆ ಮನೆ ಹೋಗಿ ಸಿಂಕ್ ಕೆಳಗೆ ಎರಡನೇ ಡಬ್ಬ ಇಡಿಸಿದೆವು. ಆ ಅಪಾರ್ಟ್‌ಮೆಂಟಿಗೆ ನಾನು ಮಾಡಿದ ಎಲ್ಲ ಭಾಷಣಕ್ಕಿಂತ ಆ ಹದಿನಾಲ್ಕು ಡಬ್ಬ ಜಾಸ್ತಿ ಕೆಲಸ ಮಾಡಿದವು.

"ನಾವು ಬೇರೆ ಮಾಡಿ ಕೊಡ್ತೀವಿ, ಗಾಡಿಯವರು ಒಟ್ಟಿಗೆ ಸುರ್ಕೋತಾರೆ" ಅನ್ನುವ ದೂರು ಎಲ್ಲ ಕಡೆ ಬರುತ್ತದೆ. ಕೆಲವು ಕಡೆ ನಿಜವೂ ಹೌದು. ಗಾಡಿಯ ಡ್ರೈವರನ್ನೂ ಬೀದಿ ಗುಡಿಸುವ ಪೌರಕಾರ್ಮಿಕರನ್ನೂ ಮೇಳಕ್ಕೆ ಕರೆಯಿರಿ, ಸನ್ಮಾನದ ಶಾಲು ಹೊದಿಸುವುದಕ್ಕಲ್ಲ, ಮಾತಾಡುವುದಕ್ಕೆ. ಒಣ ಕಸದ ದಿನ ಯಾವುದು, ಗಾಡಿ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಒಡೆದ ಗಾಜನ್ನು ಹೇಗೆ ಕಟ್ಟಿ ಕೊಟ್ಟರೆ ಅವರ ಕೈ ಕುಯ್ಯುವುದಿಲ್ಲ. ಹತ್ತು ನಿಮಿಷದ ಮಾತು.

ನೀರಿನ ಮಳಿಗೆಗೆ ನಾನು ಒಂದೇ ಲೆಕ್ಕ ಬರೆದು ನೇತುಹಾಕುತ್ತೇನೆ. 30×40 ಸೈಟ್ ಅಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮೂರಿನ ವರ್ಷದ ಮಳೆ 970 ಮಿಲಿಮೀಟರ್ ಆಸುಪಾಸು. ಸೋರಿ ಆರಿ ಹೋದದ್ದು ಕಳೆದರೂ 85 ಸಾವಿರ ಲೀಟರ್, ಅಂದರೆ ಆರು ಸಾವಿರ ಲೀಟರಿನ ಹದಿನಾಲ್ಕು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಬೇರೆ ವಿವರಣೆ ಬೇಕಿಲ್ಲ. ನೋಡಿ ಕಲಿಯಬೇಕು ಅನ್ನುವವರನ್ನು ಜಯನಗರದ ಮಳೆನೀರು ಕೊಯ್ಲು ಪಾರ್ಕಿಗೆ ಕಳಿಸುತ್ತೇನೆ.

ಗಂಡಸರು ಮೇಳಕ್ಕೆ ಬರಬೇಕಾದರೆ ರಿಪೇರಿ ಮೇಜು ಹಾಕಿ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದ ರಿಪೇರಿ ಕೆಫೆಯ ರೂಢಿ 2015ರಲ್ಲಿ ಬೆಂಗಳೂರಿಗೂ ಬಂತು. ಜನ ಕೆಟ್ಟದ್ದನ್ನು ತರುತ್ತಾರೆ, ಗೊತ್ತಿದ್ದವರ ಜೊತೆ ಕೂತು ಸರಿ ಮಾಡಿಕೊಳ್ಳುತ್ತಾರೆ. ಕುಕ್ಕರ್ ಹಿಡಿ, ಮಿಕ್ಸಿ ಜಾರಿನ ಬ್ಲೇಡು, ಕಡ್ಡಿ ಮುರಿದ ಕೊಡೆ, ಜಿಪ್ ಹೋದ ಸ್ಕೂಲ್ ಬ್ಯಾಗು. ನನ್ನದೊಂದು ಹಠ ಇದೆ. ಸ್ವಯಂಸೇವಕರ ಜೊತೆಗೆ ಬೀದಿ ಮೂಲೆಯ ಮಿಕ್ಸಿ ರಿಪೇರಿಯವರನ್ನೂ ಹೊಲಿಗೆಯವರನ್ನೂ ಕರೆದು, ದಿನದ ಸಂಪಾದನೆ ಕೊಟ್ಟು ಕೂರಿಸಬೇಕು. ಮೇಳ ಮುಗಿದ ಮೇಲೂ ಅವರು ಅಲ್ಲೇ, ಅದೇ ಮೂಲೆಯಲ್ಲಿ ಸಿಗುತ್ತಾರೆ.

ಶುರುವಿನಲ್ಲಿ ಹೇಳಿದ ಆ ಅತ್ತೆಯ ಮನೆಯಿಂದ ಮತ್ತೆ ಫೋನ್ ಬಂತು. ಎರಡೂವರೆ ತಿಂಗಳಾಗಿತ್ತು. ಈ ಸಲ ಮಾತಾಡಿದ್ದು ಅತ್ತೆಯೇ.

"ಹುಳ ಎಲ್ಲಾ ಹೋಯ್ತಮ್ಮ. ಮಣ್ಣಿನ ವಾಸನೆ ಬರ್ತಿದೆ, ಮಳೆ ಬಿದ್ದಾಗ ಬರುತ್ತಲ್ಲ, ಹಂಗೆ. ತುಳಸಿಗೆ ಹಾಕೋಣ ಅಂದ್ರೆ ಗಟ್ಟಿಗಟ್ಟಿ ಉಂಡೆ ಇದೆ. ಹಿಟ್ಟಿನ ಜರಡಿ ಕೊಡು ಅಂದ್ರೆ ಸೊಸೆ ಕೊಡಲ್ಲ ಅಂತಾಳೆ."

ಮರಳು ಸೋಸುವ ಜರಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ ಅಂದೆ. ಬರುವ ಬಕೆಟ್ ಭಾನುವಾರಕ್ಕೆ ಪಾರ್ಕಿನಲ್ಲಿ ಒಂದು ಇಟ್ಟಿರುತ್ತೇವೆ, ಬಕೆಟ್ ತನ್ನಿ, ಅಲ್ಲೇ ಸೋಸಿಕೊಂಡು ಹೋಗಬಹುದು ಅಂತಲೂ ಹೇಳಿದೆ.

"ಎಷ್ಟು ಗಂಟೆಗೆ?" ಅಂದರು.