ಪುಸ್ತಕಕ್ಕೆ ಏರುವ ಮುನ್ನ ತಲೆಯಲ್ಲಿ ನಿಲ್ಲುವ ಸಂಖ್ಯೆ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕೊಯ್ಲಿನ ಕಾಲದ ಸಂಜೆ ಹಣ್ಣು ತೂಗುವುದನ್ನು ನೋಡುತ್ತ ನಿಂತವರಿಗೆ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರ, ಕೆಲಸ ಬಹಳ ಸುಲಭವೆನಿಸುತ್ತದೆ. ತಕ್ಕಡಿ 43 ಕಿಲೋ ತೋರಿಸಿದರೆ, ಚೀಲದ ಲೆಕ್ಕಕ್ಕೆ ಒಂದು ಕಿಲೋ ಕಳೆದು, ಹೆಸರು ಹುಡುಕಿ, ಅದರ ಮುಂದೆ 42 ಎಂದು ಬರೆದರಾಯಿತು. ಆದರೆ ಅಷ್ಟರಲ್ಲಿ ಯಾರಾದರೂ "ನಿನ್ನೆ ನಂದೆಷ್ಟಾಗಿತ್ತು ರೈಟ್ರೇ?" ಎಂದು ಕೇಳಿಬಿಟ್ಟರೆ ಅವರು ಮತ್ತೆ ತಕ್ಕಡಿಯತ್ತ ತಿರುಗಬೇಕಾಗುತ್ತದೆ. ಈ ಕೆಲವೇ ಕ್ಷಣಗಳ ನೆನಪು ಏನು, ಅದು ಎಲ್ಲಿ ನಿಲ್ಲುತ್ತದೆ, ಯಾಕೆ ಅಳಿಸಿಹೋಗುತ್ತದೆ ಎಂಬುದರ ಬಗ್ಗೆ ಮನೋವಿಜ್ಞಾನಿಗಳು 130 ವರ್ಷಗಳಿಂದಲೂ ವಾದಿಸುತ್ತಿದ್ದಾರೆ.

1887ರಲ್ಲಿ ಜೋಸೆಫ್ ಜೇಕಬ್ಸ್ ಲಂಡನ್ನಿನಲ್ಲಿ ಶಾಲಾಮಕ್ಕಳಿಗೆ ಅಂಕಿಗಳನ್ನು ಓದಿ ಹೇಳಿ, ತಪ್ಪದೆ ಎಷ್ಟನ್ನು ಮರಳಿ ಒಪ್ಪಿಸಬಲ್ಲರೆಂದು ಅಳೆದರು. ಮೂರು ವರ್ಷಗಳ ಬಳಿಕ ವಿಲಿಯಂ ಜೇಮ್ಸ್ ಪ್ರಜ್ಞೆಯಲ್ಲಿ ಇನ್ನೂ ಉಳಿದಿರುವ ನೆನಪನ್ನು ಹಳೆಯದರಿಂದ ಬೇರ್ಪಡಿಸಿ ಹೆಸರಿಟ್ಟರು. ಆದರೆ ಜನಪ್ರಿಯವಾದದ್ದು 1956ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದ "ಏಳು, ಹೆಚ್ಚೆಂದರೆ ಎರಡು ಹೆಚ್ಚು ಅಥವಾ ಕಡಿಮೆ" ಎಂಬ ಸಂಖ್ಯೆ. ದುರದೃಷ್ಟವೆಂದರೆ ಆ ಪ್ರಬಂಧದ ನಿಜವಾದ ತಿರುಳು ಏಳರಲ್ಲಿರಲಿಲ್ಲ, ಗೊಂಚಲಿನಲ್ಲಿತ್ತು, ಅಂದರೆ ಹಲವು ಬಿಡಿಗಳನ್ನು ಒಂದೇ ವಸ್ತುವಾಗಿ ಹಿಡಿಯುವುದರಲ್ಲಿತ್ತು. ಚಿಕ್ಕಮಗಳೂರಿನವರಿಗೆ 08262 ಎಂಬುದು ಐದು ಅಂಕಿಯಲ್ಲ, ಊರಿನ ಫೋನ್ ಕೋಡ್ ಎಂಬ ಒಂದೇ ವಸ್ತು. ಅದರ ನಂತರದ ಆರು ಅಂಕಿಗಳನ್ನಷ್ಟೇ ಅವರು ಹೊರಬೇಕು. ಹಾಸನದವರಿಗೆ 08172 ಹೇಗೋ ಹಾಗೆ. ಎರಡೂ ಊರು ಗೊತ್ತಿಲ್ಲದವನಿಗೆ ಮಾತ್ರ ಅದು ಹನ್ನೊಂದು ಅಂಕಿಗಳ ಹೊರೆ. ಹೀಗಿರುವಾಗ ಎಷ್ಟು ಅಂಕಿ ಹಿಡಿಯುತ್ತದೆ ಎಂಬ ಪ್ರಶ್ನೆಗೆ ಮೊದಲೇ ಕಲಿತದ್ದನ್ನು ಬಿಟ್ಟು ಉತ್ತರವಿಲ್ಲ.

1959ರಲ್ಲಿ ಪೀಟರ್ಸನ್ ದಂಪತಿ ಮೂರು ವ್ಯಂಜನಾಕ್ಷರಗಳನ್ನು ಕೇಳಿಸಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತ ಹಿಂದಕ್ಕೆ ಎಣಿಸುವಂತೆ ಹೇಳಿದರು, ಅಕ್ಷರಗಳನ್ನು ಒಳಗೊಳಗೇ ಹೇಳಿಕೊಳ್ಳದಿರಲೆಂದು. 18 ಸೆಕೆಂಡು ಕಳೆಯುವಷ್ಟರಲ್ಲಿ ಸರಿಯಾದ ಉತ್ತರ ಸುಮಾರು ಶೇ. 10ಕ್ಕೆ ಇಳಿದಿತ್ತು. ಮನನ ಮಾಡದಿದ್ದರೆ ನೆನಪು ತಾನಾಗಿ ಸವೆಯುತ್ತದೆ ಎಂದು ತೀರ್ಮಾನಿಸಲು ಇಷ್ಟು ಸಾಕೆನಿಸಿತು. 1962ರಲ್ಲಿ ಕೆಪೆಲ್ ಮತ್ತು ಅಂಡರ್‌ವುಡ್ ಮೊದಲ ಸುತ್ತನ್ನು ಮಾತ್ರ ಬೇರೆಯಾಗಿ ನೋಡಿದಾಗ ಮರೆವು ಬಹುತೇಕ ಕಾಣಲೇ ಇಲ್ಲ. ಹಿಂದಿನ ಸುತ್ತುಗಳ ಅಕ್ಷರಗಳು ಸೇರಿಕೊಂಡ ಮೇಲಷ್ಟೇ ಗೊಂದಲ ಬೆಳೆದಿತ್ತು. ಕಾಲ ಕಳೆಯುವುದರಿಂದ ಮರೆವೋ, ಒಂದು ಇನ್ನೊಂದನ್ನು ಕೆಡಿಸುವುದರಿಂದ ಮರೆವೋ ಎಂಬ ಆಗಿನ ಜಗಳ ಇನ್ನೂ ಮುಗಿದಿಲ್ಲ.

1968ರಲ್ಲಿ ಅಟ್ಕಿನ್ಸನ್ ಮತ್ತು ಶಿಫ್ರಿನ್ ಕೊಟ್ಟ ಮಾದರಿಯಲ್ಲಿ ಈ ಕ್ಷಣಗಳ ನೆನಪು, ಅಂದರೆ ಅಲ್ಪಾವಧಿ ಸ್ಮೃತಿ, ದೀರ್ಘಾವಧಿ ಸ್ಮೃತಿಗೆ ಹೋಗುವ ಹೆಬ್ಬಾಗಿಲು. ಎರಡೇ ವರ್ಷದಲ್ಲಿ ಅದಕ್ಕೆ ಪೆಟ್ಟು ಬಿದ್ದಿತು. ಶಾಲಿಸ್ ಮತ್ತು ವಾರಿಂಗ್ಟನ್ ವರ್ಣಿಸಿದ, ಕೆ.ಎಫ್. ಎಂದಷ್ಟೇ ಗುರುತಿಸಲಾದ ರೋಗಿ, ಕಿವಿಯಿಂದ ಕೇಳಿದ ಎರಡು ಅಂಕಿಗಳನ್ನು ಒಪ್ಪಿಸುವುದಕ್ಕೂ ತಡಕಾಡುತ್ತಿದ್ದರೂ ಹೊಸದನ್ನು ಕಲಿತು ನೆನಪಿಡಬಲ್ಲವರಾಗಿದ್ದರು. ಬಾಗಿಲು ಮುರಿದಿದ್ದರೂ ಒಳಗೆ ಸಾಮಾನು ಸೇರುತ್ತಿದ್ದರೆ ಅದು ಒಂದೇ ಬಾಗಿಲಾಗಿರಲು ಸಾಧ್ಯವಿಲ್ಲ.

1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಪ್ರಶ್ನೆಯನ್ನೇ ಬದಲಿಸಿದರು: ಈ ಸ್ಮೃತಿ ಇರುವುದು ಯಾತಕ್ಕೆ? ಆರು ಅಂಕಿಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ತರ್ಕದ ಪ್ರಶ್ನೆ ಬಿಡಿಸಿದವರು ನಿಧಾನವಾದರೇ ಹೊರತು ಅಷ್ಟಾಗಿ ತಪ್ಪಲಿಲ್ಲ. ಹಾಗಾದರೆ ಉಗ್ರಾಣ ಒಂದೇ ಅಲ್ಲ. ಮಾತಿನ ಸದ್ದನ್ನು ಸುತ್ತಿಸುತ್ತಿರುವ ಸುರುಳಿ, ನೋಟವನ್ನು ಹಿಡಿಯುವ ಸ್ಲೇಟು, ಇವೆರಡನ್ನೂ ನಡೆಸುವ ಮೇಲ್ವಿಚಾರಕ ಎಂದು ಅವರು ವಿಂಗಡಿಸಿ, ಒಟ್ಟಾರೆಯನ್ನು ವರ್ಕಿಂಗ್ ಮೆಮೊರಿ, ಅಂದರೆ ಕಾರ್ಯನಿರತ ಸ್ಮೃತಿ, ಎಂದು ಕರೆದರು. ಕೇವಲ ಅಂಕಿ ಒಪ್ಪಿಸುವ ಜೇಕಬ್ಸರ ಮಕ್ಕಳಿಗಿಂತ, ಹಿಡಿದುಕೊಂಡೇ ಕಳೆಯುವ ನಮ್ಮ ರೈಟರಿಗೆ ಈ ಚಿತ್ರ ಚೆನ್ನಾಗಿ ಹೊಂದುತ್ತದೆ.

ಸುರುಳಿಯ ಭಾಗಕ್ಕೆ ದೊರೆತ ಪುರಾವೆ ಗಟ್ಟಿಯಾದದ್ದು. ಉದ್ದ ಪದಗಳು ಕಡಿಮೆ ನೆನಪಿರುತ್ತವೆ, ಸುಮಾರು ಎರಡು ಸೆಕೆಂಡಿನಲ್ಲಿ ಉಚ್ಚರಿಸಬಲ್ಲಷ್ಟು ಮಾತ್ರ ನಿಲ್ಲುತ್ತದೆ ಎಂಬುದು 1975ರಲ್ಲಿ ಕಂಡಿತು. 1980ರಲ್ಲಿ ಎಲಿಸ್ ಮತ್ತು ಹೆನೆಲಿ, ಹೇಳಲು ಹೆಚ್ಚು ಹೊತ್ತು ಹಿಡಿಯುವ ವೆಲ್ಷ್ ಅಂಕಿಗಳಲ್ಲಿ ಜನ ಇಂಗ್ಲಿಷಿಗಿಂತ ಕಡಿಮೆ ಒಪ್ಪಿಸುತ್ತಾರೆಂದು ತೋರಿಸಿದರು. ಕನ್ನಡದ ಅಂಕಿಗಳಲ್ಲಿ ಎರಡಕ್ಷರಕ್ಕಿಂತ ಚಿಕ್ಕದು ಒಂದೂ ಇಲ್ಲ, "ಆರು", "ಮೂರು" ಪ್ರಾಸದಲ್ಲೇ ಇವೆ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವವರೂ ಫೋನ್ ನಂಬರನ್ನು ನೈನ್, ಫೋರ್, ಏಟ್ ಎನ್ನುವುದು ಬರೀ ರೂಢಿಯಿರಬಹುದು. ಆದರೂ ಸುರುಳಿಯ ಉಳಿತಾಯವೂ ಅದರಲ್ಲಿದೆಯೆಂದು ನನ್ನ ಗುಮಾನಿ.

ಮೇಲ್ವಿಚಾರಕನ ವಿಷಯ ಹಾಗಲ್ಲ. ವಿವರಿಸಲಾಗದ ಕೆಲಸವನ್ನೆಲ್ಲ ಒಬ್ಬ ಮೇಸ್ತ್ರಿಯ ತಲೆಗೆ ಕಟ್ಟಿದರೆ ಆ ಮೇಸ್ತ್ರಿಯ ತಲೆಯೊಳಗೆ ಏನು ನಡೆಯುತ್ತದೆಂದು ಯಾರಾದರೂ ಕೇಳದಿರುವುದಿಲ್ಲ. ಈ ದೌರ್ಬಲ್ಯವನ್ನು ಬ್ಯಾಡ್ಲಿಯವರೇ ಒಪ್ಪಿಕೊಂಡಿದ್ದರು. 2000ದಲ್ಲಿ ಅವರು ಬಿಡಿ ತುಣುಕುಗಳನ್ನು ಒಂದು ಸನ್ನಿವೇಶವಾಗಿ ಹೆಣೆಯುವ ನಾಲ್ಕನೆಯ ಅಂಗವನ್ನು ಸೇರಿಸಿದರು. ಬೇಕಾದಾಗ ಇನ್ನೊಂದು ಕೋಣೆ ಕಟ್ಟಿಕೊಳ್ಳುವ ಸಿದ್ಧಾಂತವನ್ನು ತಪ್ಪೆಂದು ಸಾಧಿಸುವುದು ಕಷ್ಟ. ನೆಲ್ಸನ್ ಕೋವನ್ ಕೋಣೆಗಳನ್ನೇ ಬಿಟ್ಟರು. ಅವರ ಪ್ರಕಾರ ಇದು ದೀರ್ಘಾವಧಿ ಸ್ಮೃತಿಯದೇ ಎಚ್ಚೆತ್ತ ಭಾಗ, ಅದರಲ್ಲಿ ಗಮನದ ಬೆಳಕು ಬಿದ್ದಿರುವುದು ಸುಮಾರು ನಾಲ್ಕು ಗೊಂಚಲುಗಳ ಮೇಲೆ ಮಾತ್ರ. 2001ರ ಅವರ ಪ್ರಬಂಧ ಮಿಲ್ಲರರ ಏಳನ್ನು ಹೀಗೆ ಇಳಿಸಿತು.

ಒಂದು ಇನ್ನೊಂದನ್ನು ಕೆಡಿಸುತ್ತದೆಂಬ ವಾದವನ್ನೂ ಗಮನದ ವಾದವನ್ನೂ ತೂಕದ ಕಟ್ಟೆಯ ಬಳಿ ಪರೀಕ್ಷಿಸಬಹುದು. "ನಿನ್ನೆ ನಂದೆಷ್ಟು?" ಎಂದು ಕೇಳಿಸಿಕೊಂಡ ರೈಟರ್ ನಿನ್ನೆಯ 38ನ್ನು ನೆನೆದಾಗ, ಅಂಕಿಗೆ ಅಂಕಿ ಅಡ್ಡಬಂದು 43 ಕೆಡುತ್ತದೆ ಎನ್ನುವುದು ಗೊಂದಲದ ಸಿದ್ಧಾಂತ, ಹಾಗಿದ್ದರೆ "ಮಳೆ ಬರಬಹುದಾ ರೈಟ್ರೇ?" ಎಂದು ಕೇಳಿದಾಗ 43 ಉಳಿಯುವ ಸಂಭವ ಹೆಚ್ಚಿರಬೇಕು. ಗಮನವೇ ಮುಖ್ಯವೆನ್ನುವವರ ಲೆಕ್ಕದಲ್ಲಿ ಯಾವ ಪ್ರಶ್ನೆಯಾದರೂ ಒಂದೇ, ಮುಗಿಲ ಕಡೆ ಕಣ್ಣು ಹೋದರೂ 43 ಹೋದಂತೆಯೇ.