ಜೂನಿಯರ್ ವಕೀಲರ ಕಲಿಕೆಗೆ ದುಡ್ಡು ಕೊಡುವವರು ಯಾರು?

ಅಮೆರಿಕದ ದೊಡ್ಡ ಲಾ ಫರ್ಮ್‌ಗಳಲ್ಲಿ ಹೊಸದಾಗಿ ಸೇರಿದವರ ಸಂಬಳ 2007ರಲ್ಲಿ ವರ್ಷಕ್ಕೆ 1,60,000 ಡಾಲರ್ ಇತ್ತು. 2023ರ ಕೊನೆಗೆ ಅದು 2,25,000 ಮುಟ್ಟಿತು. ಇನ್ನೂ ಕೆಲಸ ಕಲಿಯುತ್ತಿರುವವರಿಗೆ ಇಷ್ಟು ದುಡ್ಡು ಎಲ್ಲಿಂದ ಬರುತ್ತದೆ?

ಮೊದಲು ಹೀಗಿರಲಿಲ್ಲ. ಒಂದು ಕಾಲದಲ್ಲಿ ಜೂನಿಯರ್‌ಗಳು ಎಷ್ಟೋ ಕಡೆ ಸಂಬಳವೇ ಇಲ್ಲದೆ ದುಡಿಯುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ವಕೀಲ ಪಾಲ್ ಕ್ರಾವತ್ ತಮ್ಮ ಫರ್ಮ್‌ನಲ್ಲಿ ಇದನ್ನು ಬದಲಾಯಿಸಿದರು. ಒಳ್ಳೆಯ ಕಾಲೇಜುಗಳಲ್ಲಿ ಚೆನ್ನಾಗಿ ಓದಿದವರನ್ನು ಆರಿಸಿ, ಸಂಬಳ ಕೊಟ್ಟು, ಒಬ್ಬರಾದ ಮೇಲೆ ಒಬ್ಬ ಹಿರಿಯರ ಕೈಕೆಳಗೆ ಪಳಗಿಸಿದರು. ಕೆಲವು ವರ್ಷಗಳ ನಂತರ ಒಬ್ಬಿಬ್ಬರು ಪಾಲುದಾರರು, ಅಂದರೆ ಫರ್ಮ್‌ನ ಲಾಭ ಹಂಚಿಕೊಳ್ಳುವ ಒಡೆಯರು ಆಗುತ್ತಿದ್ದರು. ಉಳಿದವರು ಬೇರೆ ದಾರಿ ನೋಡಿಕೊಳ್ಳಬೇಕಿತ್ತು. ಉಳಿದ ದೊಡ್ಡ ಫರ್ಮ್‌ಗಳೂ ಇದೇ ಪದ್ಧತಿ ಹಿಡಿದವು.

ಆಗ ಫೀಸು ಗಂಟೆ ಲೆಕ್ಕದಲ್ಲಿ ಇರಲಿಲ್ಲ. ಕೆಲಸ ನೋಡಿ ಒಟ್ಟಾಗಿ ಬಿಲ್ ಕಳಿಸುತ್ತಿದ್ದರು. ಎಷ್ಟೋ ಊರುಗಳಲ್ಲಿ ವಕೀಲರ ಸಂಘವೇ ಕನಿಷ್ಠ ದರದ ಪಟ್ಟಿ ಮಾಡಿಟ್ಟಿತ್ತು. ಆದರೆ ವೈದ್ಯರ ಗಳಿಕೆಯ ಮುಂದೆ ತಮ್ಮ ಗಳಿಕೆ ಹಿಂದೆ ಬಿದ್ದಿದೆ ಎಂಬ ಕೊರಗು ವಕೀಲರಿಗಿತ್ತು. 1958ರಲ್ಲಿ ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಒಂದು ಕಿರುಹೊತ್ತಿಗೆ ತಂದು, ಕೆಲಸಕ್ಕೆ ಹಿಡಿದ ಸಮಯ ಬರೆದಿಡಿ ಎಂದು ಹೇಳಿತು. ವರ್ಷಕ್ಕೆ ಸುಮಾರು 1,300 ಗಂಟೆ ಬಿಲ್ ಮಾಡಬಹುದು ಎಂಬುದು ಅದರ ಅಂದಾಜು. ಇವತ್ತು ಹಲವು ಫರ್ಮ್‌ಗಳ ಗುರಿ 1,900ರಿಂದ 2,000 ಗಂಟೆ!

ದರಪಟ್ಟಿಗೆ ಕೊನೆ ಹಾಡಿದ್ದು ಒಂದು ಮನೆ ಖರೀದಿ. ವರ್ಜೀನಿಯಾದ ಗೋಲ್ಡ್‌ಫಾರ್ಬ್ ದಂಪತಿ ಕಾಗದಪತ್ರ ಪರೀಕ್ಷೆಗೆ ಕಡಿಮೆ ಫೀಸಿನವರನ್ನು ಹುಡುಕಿ 36 ವಕೀಲರಿಗೆ ಪತ್ರ ಬರೆದರು. 19 ಮಂದಿ ಉತ್ತರ ಕೊಟ್ಟರು. ಪಟ್ಟಿಗಿಂತ ಕಡಿಮೆಗೆ ಒಬ್ಬರೂ ಒಪ್ಪಲಿಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪಟ್ಟಿ ಕಾನೂನುಬಾಹಿರ ಎಂದಿತು. ಗಂಟೆ ಲೆಕ್ಕಕ್ಕೆ ದಾರಿ ಇನ್ನಷ್ಟು ಸಲೀಸಾಯಿತು.

ಇಲ್ಲಿಯೇ ಲಾಭದ ಗುಟ್ಟು ಇರುವುದು. ಒಬ್ಬ ಜೂನಿಯರ್ ಗಂಟೆಗೆ 300 ಡಾಲರಿನಂತೆ 2,000 ಗಂಟೆ ದುಡಿದರೆ 6 ಲಕ್ಷ ಡಾಲರ್. ಮೂರರಲ್ಲಿ ಒಂದು ಪಾಲು ಸಂಬಳ, ಒಂದು ಪಾಲು ಕಚೇರಿ ಖರ್ಚು, ಇನ್ನೊಂದು ಪಾಲು ಪಾಲುದಾರರಿಗೆ ಎಂಬುದು ಈ ವೃತ್ತಿಯ ಹಳೆಯ ಲೆಕ್ಕ. ಜೂನಿಯರ್‌ಗಳು ಜಾಸ್ತಿಯಾದಷ್ಟೂ ಪಾಲುದಾರರಿಗೆ ಜಾಸ್ತಿ. ಕಲಿಯುವಾಗ ಹಿಡಿದ ಹೆಚ್ಚಿನ ಹೊತ್ತೂ ಬಿಲ್ಲಿಗೇ ಸೇರುತ್ತಿತ್ತು. ಅಂದರೆ ಕಲಿಕೆಯ ಖರ್ಚು ಹೊತ್ತದ್ದು ಕಕ್ಷಿದಾರರು, ಅಲ್ವಾ?

1985ರಲ್ಲಿ ಒಂದು ವೃತ್ತಿ ಪತ್ರಿಕೆ, ಯಾವ ಫರ್ಮ್‌ನಲ್ಲಿ ಪಾಲುದಾರರಿಗೆ ತಲಾ ಎಷ್ಟು ಲಾಭ ಎಂದು ಅಚ್ಚು ಹಾಕಿತು. ಅಲ್ಲಿಯವರೆಗೆ ಅದು ಒಳಮನೆಯ ಮಾತಾಗಿತ್ತು. ಪಕ್ಕದ ಫರ್ಮ್‌ನವರ ಗಳಿಕೆ ಕಣ್ಣಿಗೆ ಬಿದ್ದ ಮೇಲೆ ಪಾಲುದಾರರು ಜಾಗ ಬದಲಿಸತೊಡಗಿದರು. ಜೀವಮಾನವಿಡೀ ಒಂದೇ ಕಡೆ ಇರುತ್ತಿದ್ದ ಕಾಲ ಮುಗಿಯಿತು. ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ವಕೀಲರಿದ್ದ ಡ್ಯೂಯಿ ಅಂಡ್ ಲೆಬೋಫ್ ಎಂಬ ಫರ್ಮ್, ಹಲವು ಪಾಲುದಾರರಿಗೆ ಇಷ್ಟು ಹಣ ಖಾತರಿ ಎಂದು ಮಾತು ಕೊಟ್ಟು, ಸಾಲದಲ್ಲಿ ಮುಳುಗಿ 2012ರಲ್ಲಿ ದಿವಾಳಿಯಾಯಿತು.

ಅಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂದಿತ್ತು. ಮೊದಲ ವರ್ಷದವರ ಗಂಟೆಗೆ ನಾವು ದುಡ್ಡು ಕೊಡುವುದಿಲ್ಲ ಎಂದು ಹಲವು ಕಕ್ಷಿದಾರ ಕಂಪನಿಗಳು ಖಡಾಖಂಡಿತವಾಗಿ ಹೇಳಿದವು. ದಾಖಲೆ ಓದುವ ಕೆಲಸ ಅಗ್ಗದ ಕಡೆ ಹೋಯಿತು. ಈಗ ಅದೇ ಕೆಲಸವನ್ನು ಎಐ ನಿಮಿಷಗಳಲ್ಲಿ ಮಾಡುತ್ತಿದೆ.

ನನ್ನನ್ನು ಕಾಡುವುದು ಇದೇ. ಸಾವಿರಾರು ಕರಾರು ಪತ್ರ ಓದಿ ಓದಿಯೇ ಎಲ್ಲಿ ಅಪಾಯವಿದೆ ಎಂಬ ಸೂಕ್ಷ್ಮ ವಕೀಲರಿಗೆ ಹತ್ತುತ್ತಿತ್ತು. ಆ ಓದಿಗೆ ಕಕ್ಷಿದಾರರು ದುಡ್ಡು ಕೊಡದಿದ್ದರೆ, ಪಾಲುದಾರರು ತಮ್ಮ ಲಾಭದಿಂದಲೇ ಕೊಡಬೇಕು. ಆದರೆ ಆ ಲಾಭದ ಅಂಕಿ ಪ್ರತಿವರ್ಷ ಅಚ್ಚಾಗುತ್ತದೆ. ಅದು ಇಳಿದರೆ ಗಿರಾಕಿ ತರುವ ಪಾಲುದಾರರೇ ಮೊದಲು ಎದ್ದು ಹೋಗುತ್ತಾರೆ.